ಮನೆಯ ಮಾತಿಗೆ ಬೀಗ

ಬರೆದವರೂ ಓದತಕ್ಕವರೂ ಹೊರತು ಮೂರನೆಯವರ ಕಣ್ಣಿಗೆ ತಮ್ಮ ಬರಹವು ಬೀಳಬಾರದೆಂಬ ಆಶೆಯು ಪತ್ರವ್ಯವಹಾರದಷ್ಟೇ ಹಳೆಯದು. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ಏರ್ಪಾಡನ್ನು ಮಾಡಿದರೆಂಬುದು ಅನೇಕರಿಗೆ ತಿಳಿದ ಸಂಗತಿ. ಆ ಅಂಚೆಯವರಿಗೆ ಎರಡು ಕೆಲಸಗಳಿದ್ದವೆಂಬುದು ಅಷ್ಟಾಗಿ ತಿಳಿದಿಲ್ಲ. ಓಲೆಗಳನ್ನು ಊರಿಂದೂರಿಗೆ ಮುಟ್ಟಿಸುವುದು ಒಂದು. ಸೀಮೆಯ ಗುಟ್ಟುಗಳನ್ನು ತಿಳಿದು ದೊರೆಗೆ ಅರಿಕೆಮಾಡುವುದು ಇನ್ನೊಂದು. ಮೈಸೂರಿನ ಚರಿತ್ರೆಯನ್ನು ಬರೆದ ಕರ್ನಲ್ ವಿಲ್ಕ್ಸನು ಈ ಮಾತನ್ನು ಸ್ಪಷ್ಟವಾಗಿಯೇ ಹೇಳಿರುವನು. 1763ರಲ್ಲಿ ಹೈದರಾಲಿಯು ಬಿದನೂರನ್ನು, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು, ಹಿಡಿದ ಮೇಲೆ ಕೆಳದಿಯ ಅರಸರ ಕೈಯಲ್ಲಿದ್ದ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯೂ ಮೈಸೂರಿಗೆ ಸೇರಿತು. ಮೈಸೂರಿನ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯದ ಟಪಾಲಿನೊಡನೆ ಕೂಡಿಹೋಯಿತು. ಆದರೆ ಕಾಗದವನ್ನು ಹೊತ್ತೊಯ್ಯುವವನೇ ಅದನ್ನು ಓದುವವನೂ ಆದರೆ ಮಾಡತಕ್ಕದ್ದೇನು ಎಂಬ ಪ್ರಶ್ನೆಯು ಮಾತ್ರ ಹೋಗಲಿಲ್ಲ. ಅದು ಈಗ ನಮ್ಮ ಜೇಬಿನೊಳಕ್ಕೇ ಬಂದು ಕುಳಿತಿದೆ.

ಈ ಮೂರು ತಾಲ್ಲೂಕುಗಳಲ್ಲಿ ಯಾವ ಮನೆಯನ್ನಾದರೂ ತೆಗೆದುಕೊಳ್ಳಿ. ತಂದೆತಾಯಿಗಳು ತೋಟದ ಮನೆಯಲ್ಲಿರುವರು. ಮಗನೋ ಮಗಳೋ ಬೆಂಗಳೂರಿನಲ್ಲಿ, ಇಲ್ಲವೆ ಸಮುದ್ರದಾಚೆ. ಅಡಿಕೆಯ ಗರಿಗೆ ಎಲೆಚುಕ್ಕಿ ರೋಗ ಬಿದ್ದರೆ ಅದರ ಚಿತ್ರವು ಮೊಬೈಲಿನಲ್ಲಿ ಹೋಗುತ್ತದೆ. ಮಂಡಿಯಲ್ಲಿ ರಾಶಿಗೆಷ್ಟು, ಬೆಟ್ಟೆಗೆಷ್ಟು ಎಂಬ ಧಾರಣೆಯು ಅದರಲ್ಲಿಯೇ ಬರುತ್ತದೆ. ಪಹಣಿಯ ಪ್ರತಿ, ಬ್ಯಾಂಕಿನ ಪಾಸುಪುಸ್ತಕದ ಮೊದಲ ಪುಟ, ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿ, ಮದುವೆಗೆ ನೋಡಿದ ಹುಡುಗನ ಜಾತಕ, ಅಣ್ಣತಮ್ಮಂದಿರ ಪಾಲುಪಟ್ಟಿಯ ವಿಚಾರ, ಎಲ್ಲವೂ ಅದೇ ದಾರಿಯಲ್ಲಿ ಸಾಗುತ್ತವೆ. ಹಿಂದೆ ಇವುಗಳಲ್ಲಿ ಒಂದನ್ನೂ ಯಾರೂ ಕಾರ್ಡಿನ ಮೇಲೆ ಬರೆಯುತ್ತಿರಲಿಲ್ಲ. ಲಕೋಟೆಯಲ್ಲಿಟ್ಟು, ಅಂಟು ಸರಿಯಾಗಿ ಹಿಡಿಯಿತೇ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಈಗ ಆ ಅಂಟನ್ನು ಯಾರು ಹಚ್ಚುತ್ತಾರೆ, ಯಾರು ಬಿಡಿಸಬಲ್ಲರು ಎಂಬುದನ್ನು ವಿಚಾರಿಸುವವರು ವಿರಳ.

ಇದನ್ನು ತಿಳಿಯುವುದಕ್ಕೆ ಒಂದು ಒಳ್ಳೆಯ ಉಪಾಯವುಂಟು. ಎಂಜಿನಿಯರಿಂಗ್ ಓದುವ ಹುಡುಗರು ತಮ್ಮ ಪ್ರಾಜೆಕ್ಟಿಗಾಗಿ ಗೂಢಲಿಪಿಯ ಸಣ್ಣದೊಂದು ಸಂದೇಶದ ಆ್ಯಪನ್ನು ಕಟ್ಟುವುದುಂಟಷ್ಟೆ. ಅಂಥದೊಂದನ್ನು ನಮ್ಮ ಮನೆಯ ಹುಡುಗನೇ ಕಟ್ಟಲು ಹೊರಟನೆಂದು ಭಾವಿಸಿ, ಅವನ ಬೆನ್ನ ಹಿಂದೆ ನಿಂತು ನೋಡುವುದು. ವಾಚಕರೆಲ್ಲರೂ ಆ್ಯಪುಗಳನ್ನು ಕಟ್ಟಬೇಕೆಂಬುದು ನಮ್ಮ ಆಶಯವಲ್ಲ. ಮನೆಯನ್ನು ತಾವೇ ಕಟ್ಟದಿದ್ದರೂ ಬಾಗಿಲಿಗೆ ಎಂಥ ಅಗುಳಿ ಇಡಬೇಕೆಂಬುದನ್ನು ಯಜಮಾನನು ತಿಳಿದಿರಬೇಕಲ್ಲವೆ?

ಹುಡುಗನಿಗೆ ಮೊದಲು ಎದುರಾಗುವುದು ಬೀಗದ ಪ್ರಶ್ನೆಯಲ್ಲ, ದಾರಿಯ ಪ್ರಶ್ನೆ. ಇಬ್ಬರ ಮೊಬೈಲುಗಳೂ ಏಕಕಾಲದಲ್ಲಿ ಸಂಪರ್ಕದಲ್ಲಿರುತ್ತವೆಂದು ಮಲೆನಾಡಿನಲ್ಲಿ ನಂಬಲಾಗದು. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ಹೋಗುತ್ತದೆ. ಅದರ ಹಿಂದೆಯೇ ಟವರೂ ಸುಮ್ಮನಾಗುತ್ತದೆ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಪಾಠಗಳೆಲ್ಲ ಮೊಬೈಲಿಗೆ ಬಂದಾಗ ನಮ್ಮ ಮಕ್ಕಳು ಗುಡ್ಡವೇರಿ ಸಿಗ್ನಲ್ಲಿಗಾಗಿ ಕಾದರು. ಶರಾವತಿಯ ಹಿನ್ನೀರಿನಾಚೆಯ ಕರೂರು, ಭಾರಂಗಿ ಹೋಬಳಿಗಳವರು ನೆಟ್‌ವರ್ಕ್ ಇಲ್ಲವಾದರೆ ಮತವೂ ಇಲ್ಲವೆಂದು ಚಳುವಳಿ ಹೂಡಿದರು. ಆದುದರಿಂದ ಸಂದೇಶವು ನಡುವೆ ಎಲ್ಲಿಯಾದರೂ ತಂಗಿರಬೇಕಾಗುತ್ತದೆ. 2025ರ ಜುಲೈ 14ರಂದು ಸಿಗಂದೂರಿನ ಸೇತುವೆ ತೆರೆಯುವವರೆಗೆ ಅಂಬಾರಗೊಡ್ಲಿನ ದಡದಲ್ಲಿ ಬಸ್ಸುಗಳೂ ಜನರೂ ಲಾಂಚು ಬರುವ ತನಕ ಸಾಲಾಗಿ ನಿಂತಿರುತ್ತಿದ್ದರು. ಸಂದೇಶಗಳೂ ಹಾಗೆಯೇ. ಕಳುಹಿಸಿದವರ ಮೊಬೈಲಿನಿಂದ ಹೊರಟು, ಪಡೆಯತಕ್ಕವರ ಮೊಬೈಲು ಎಚ್ಚರಗೊಳ್ಳುವವರೆಗೆ ಸರ್ವರೆಂಬ ದಡದಲ್ಲಿ ಕಾಯುತ್ತವೆ. ವಾಟ್ಸಾಪಿನಲ್ಲಿ ಹೀಗೆ 30 ದಿನಗಳವರೆಗೆ ಕಾಯುವ ಅವಕಾಶವಿದೆ.

ಈ ದಡವನ್ನೇ ಈಗಿನವರು ಕ್ಲೌಡ್, ಎಂದರೆ ಮೇಘ, ಎಂದು ಕರೆಯುತ್ತಾರೆ. ಆಗುಂಬೆಯ ಕೆಳಗೆ ಬಾಳುವ ನಮಗೆ ಮೇಘವೆಂದರೆ ಬೇರೆಯೇ ಅರ್ಥ. ಆದಕಾರಣ ಈ ಹೆಸರು ಮೋಸಗೊಳಿಸುವಂಥದು. ಇದರಲ್ಲಿ ಆಕಾಶದ ಸಂಬಂಧವೇನೂ ಇಲ್ಲ. ಮುಂಬಯಿಯಲ್ಲಿಯೋ ಹೈದರಾಬಾದಿನಲ್ಲಿಯೋ ಗೋಡೆ ಚಾವಣಿಗಳುಳ್ಳ ದೊಡ್ಡ ಕಟ್ಟಡ, ಅದರೊಳಗೆ ಸಾಲುಸಾಲಾಗಿ ಯಂತ್ರಗಳು, ಅವುಗಳಿಗೊಬ್ಬ ಒಡೆಯ, ಒಡೆಯನ ಕೆಳಗೆ ನೌಕರರು. ಕ್ಲೌಡಿನಲ್ಲಿಟ್ಟೆವೆಂದರೆ ಪರರ ಉಗ್ರಾಣದಲ್ಲಿಟ್ಟೆವೆಂದು ತಿಳಿಯತಕ್ಕದ್ದು. ಉಗ್ರಾಣವು ಒಳ್ಳೆಯದಿರಬಹುದು; ನಮ್ಮ ಅಟ್ಟಕ್ಕಿಂತ ಗಟ್ಟಿಯಾಗಿಯೂ ಇರಬಹುದು. ಆದರೂ ಅದು ಪರರದು.

ಇನ್ನು ಬೀಗದ ವಿಚಾರ. ಗೂಢವಾಗಿ ಬರೆಯುವ ಕಲೆ ನಮಗೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ದೊರೆತು, 1909ರಲ್ಲಿ ಅವರಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಗೂಢಚಾರರು ಸಂಜ್ಞಾಲಿಪಿಯಿಂದ ಸುದ್ದಿ ಕಳುಹಿಸಬೇಕೆಂಬ ವಿಧಿಯುಂಟು. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ಮ್ಲೇಚ್ಛಿತ ವಿಕಲ್ಪವೆಂಬುದೂ ಒಂದು. ಒಂದು ಅಕ್ಷರದ ಸ್ಥಾನದಲ್ಲಿ ನಿಯತವಾದ ಇನ್ನೊಂದನ್ನು ಬಳಸುವ ಮೂಲದೇವೀಯವೆಂಬ ಬಗೆಯನ್ನು ಅದರ ವ್ಯಾಖ್ಯಾನಕಾರನು ವಿವರಿಸುತ್ತಾನೆ. ಮಕ್ಕಳು ಅಕ್ಷರಕ್ಕೊಂದು ‘ಕ’ಕಾರವನ್ನು ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಮಾತನಾಡಿಕೊಳ್ಳುವುದೂ ಈ ಜಾತಿಯದೇ. ಇವೆಲ್ಲಕ್ಕೂ ಒಂದೇ ದೋಷ: ಬಗೆಯು ತಿಳಿದರೆ ಗುಟ್ಟು ಹೋಯಿತು. ಬಗೆ ತಿಳಿಯದಿದ್ದರೂ, ಯಾವ ಗುರುತು ಎಷ್ಟು ಸಲ ಬಂದಿದೆಯೆಂದು ಎಣಿಸಿ ಮೂಲಾಕ್ಷರವನ್ನು ಊಹಿಸಬಹುದೆಂಬುದನ್ನು ಬಾಗ್ದಾದಿನ ಅಲ್-ಕಿಂದಿ ಎಂಬ ಪಂಡಿತನು 9ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟನು.

ಇದಕ್ಕೆ ತಕ್ಕ ಪರಿಹಾರದ ಸೂತ್ರವನ್ನು 1883ರಲ್ಲಿ ಕೆರ್ಕಾಫ್ಸನೆಂಬವನು ಹೇಳಿದನು. ಬೀಗದ ರಚನೆಯು ಶತ್ರುವಿಗೆ ಪೂರ್ತಿಯಾಗಿ ತಿಳಿದಿದ್ದರೂ ಬಾಧಕವಿರಕೂಡದು, ಬೀಗದ ಕೈಯೊಂದೇ ಗುಪ್ತವಾಗಿರಬೇಕು ಎಂಬುದು ಅದರ ತಾತ್ಪರ್ಯ. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಎ.ಇ.ಎಸ್. ಎಂಬ ಬೀಗವು ಈ ಸೂತ್ರಕ್ಕೆ ಒಪ್ಪುವಂಥದು. ಬೆಲ್ಜಿಯಂ ದೇಶದ ಇಬ್ಬರು ವಿದ್ವಾಂಸರು ರಚಿಸಿದ, 2001ರಲ್ಲಿ ಅಮೆರಿಕವು ತನ್ನ ಸರ್ಕಾರದ ಉಪಯೋಗಕ್ಕೆ ಅಂಗೀಕರಿಸಿದ ಈ ಬೀಗದ ಒಳಗಿನ ರಚನೆಯನ್ನು ಯಾರು ಬೇಕಾದರೂ ಓದಿ ತಿಳಿಯಬಹುದು. ಆದರೆ ಅದರ ದೊಡ್ಡ ಜಾತಿಯಲ್ಲಿ ಇರಬಹುದಾದ ಬೀಗದ ಕೈಗಳ ಸಂಖ್ಯೆಯನ್ನು ಬರೆದರೆ 78 ಅಂಕೆಗಳಾಗುತ್ತವೆ. ಒಂದೊಂದಾಗಿ ತಿರುವಿ ನೋಡುವ ಕಳ್ಳನಿಗೆ ಕಲ್ಪಾಂತರವೂ ಸಾಲದು. ನಮ್ಮ ಹುಡುಗನು ಈ ಸಿದ್ಧವಾದ ಬೀಗವನ್ನೇ ತೆಗೆದುಕೊಳ್ಳಬೇಕು. ಸ್ವಂತ ಬುದ್ಧಿಯಿಂದ ಹೊಸ ಬೀಗವನ್ನು ಕಂಡುಹಿಡಿಯುವ ಚಪಲವು ಪ್ರಾರಂಭದಲ್ಲಿ ಎಲ್ಲರಿಗೂ ಉಂಟಾಗುತ್ತದೆ. ಅದನ್ನು ತಡೆದವನೇ ಜಾಣ.

ಹಾಗಾದರೆ ಬೀಗದ ಕೈಯನ್ನು ಎರಡೂ ಕಡೆಗೆ ಮುಟ್ಟಿಸುವುದು ಹೇಗೆ? ಹೊಸನಗರದ ತಾಯಿಯೂ ಬೆಂಗಳೂರಿನ ಮಗಳೂ ಒಂದೇ ಬೀಗದ ಕೈಯನ್ನು ಹೊಂದಿರಬೇಕಾದರೆ ಒಬ್ಬರು ಇನ್ನೊಬ್ಬರಿಗೆ ಅದನ್ನು ಕಳುಹಿಸಬೇಕು. ಕಳುಹಿಸುವ ದಾರಿಯಲ್ಲಿಯೇ ಕಳ್ಳನು ಕುಳಿತಿರುವನಷ್ಟೆ. ದನದ ಜಾತ್ರೆಯಲ್ಲಿ ವ್ಯಾಪಾರಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳಿಕೊಳ್ಳುವುದನ್ನು ನೋಡಿರಬಹುದು. ಅಲ್ಲಿ ಕೈಗೆ ಕೈ ತಾಗುತ್ತದೆ, ಮರೆಗೆ ಬಟ್ಟೆಯುಂಟು. ಇಲ್ಲಿ ನೂರಾರು ಮೈಲಿಗಳ ಅಂತರ. ಸಂತೆಯ ನಡುವೆ ನಿಂತು, ಎಲ್ಲರಿಗೂ ಕೇಳಿಸುವಂತೆ ಕೂಗಾಡಿಯೂ ಇಬ್ಬರಿಗೆ ಮಾತ್ರ ತಿಳಿಯುವ ಗುಟ್ಟೊಂದನ್ನು ಹುಟ್ಟಿಸಬಹುದೆಂದು ಡಿಫಿ ಮತ್ತು ಹೆಲ್ಮನ್ ಎಂಬ ಅಮೆರಿಕದ ಇಬ್ಬರು 1976ರಲ್ಲಿ ಪ್ರಕಟಿಸಿದಾಗ ಪಂಡಿತರೂ ಬೆರಗಾದರು. ಇಂಗ್ಲೆಂಡಿನ ಸರ್ಕಾರದ ಗುಪ್ತ ಇಲಾಖೆಯಲ್ಲಿ ಕೆಲವರು ಇದನ್ನು ಅದಕ್ಕಿಂತ ಮೊದಲೇ ಕಂಡುಕೊಂಡಿದ್ದರಂತೆ. ಆದರೆ ಅವರು ಬಾಯಿ ಬಿಡುವಂತಿರಲಿಲ್ಲ, ಸಂಗತಿಯು ಹೊರಬಿದ್ದುದು 1997ರಲ್ಲಿ.

ಇದು ಕೇಳುವುದಕ್ಕೆ ಇಂದ್ರಜಾಲದಂತಿದ್ದರೂ ಸ್ಲೇಟಿನ ಮೇಲೆ ಮಾಡಿ ನೋಡಬಹುದಾದ ಲೆಕ್ಕ. ತಾಯಿಯೂ ಮಗಳೂ 13 ಮತ್ತು 2 ಎಂಬ ಎರಡು ಸಂಖ್ಯೆಗಳನ್ನು ಬಹಿರಂಗವಾಗಿಯೇ ಒಪ್ಪಿಕೊಳ್ಳಲಿ. ಬಳಿಕ ತಾಯಿಯು ಮನಸ್ಸಿನಲ್ಲಿ 4 ಎಂದು ನೆನೆದುಕೊಂಡು ಅದನ್ನು ಯಾರಿಗೂ ಹೇಳದಿರಲಿ. ಎರಡನ್ನು ನಾಲ್ಕು ಸಲ ಬರೆದು ಗುಣಿಸಿದರೆ 16. ಅದನ್ನು 13ರಿಂದ ಭಾಗಿಸಿದರೆ ಶೇಷ 3. ಈ 3ನ್ನು ಮಗಳಿಗೆ ಕೂಗಿ ಹೇಳಲಿ. ಮಗಳು ನೆನೆದುಕೊಂಡ ಸಂಖ್ಯೆ 5 ಆಗಿರಲಿ. ಎರಡನ್ನು ಐದು ಸಲ ಬರೆದು ಗುಣಿಸಿದರೆ 32. 13ರಿಂದ ಭಾಗಿಸಿದರೆ ಶೇಷ 6. ಈ 6ನ್ನು ಅವಳು ತಾಯಿಗೆ ಕೂಗಿ ಹೇಳಲಿ. ಈಗ ತಾಯಿಯು ಮಗಳಿಂದ ಬಂದ 6ನ್ನು ತನ್ನ ಗುಟ್ಟಿನಷ್ಟು, ಎಂದರೆ ನಾಲ್ಕು ಸಲ ಗುಣಿಸಲು 1296 ಆಗುತ್ತದೆ. 13ರಿಂದ ಭಾಗಿಸಿದರೆ ಶೇಷ 9. ಮಗಳು ತಾಯಿಯಿಂದ ಬಂದ 3ನ್ನು ಐದು ಸಲ ಗುಣಿಸಲು 243. 13ರಿಂದ ಭಾಗಿಸಿದರೆ ಅವಳಿಗೂ ಶೇಷ 9. ಇಬ್ಬರಿಗೂ 9 ದೊರೆಯಿತು. ಆದರೆ 9 ಎಂಬ ಸಂಖ್ಯೆಯನ್ನು ಯಾರೂ ಯಾರಿಗೂ ಕಳುಹಿಸಲಿಲ್ಲ. ದಾರಿಯಲ್ಲಿ ಕುಳಿತವನು ಕೇಳಿದ್ದು 13, 2, 3, 6 ಇಷ್ಟೆ. ಬೇರೆ ಸಂಖ್ಯೆಗಳನ್ನು ನೆನೆದುಕೊಂಡು ನೋಡಿದರೂ ಇಬ್ಬರಿಗೂ ಒಂದೇ ಉತ್ತರ ಬರುವುದನ್ನು ಮನೆಯ ಮಕ್ಕಳಿಗೆ ತೋರಿಸಿ. ಗಣಿತವೆಂದರೆ ಮುಖ ಸಿಂಡರಿಸುವ ಹುಡುಗನೂ ಎರಡನೆಯ ಸಲಕ್ಕೆ ಸ್ಲೇಟನ್ನು ತಾನೇ ಕಿತ್ತುಕೊಳ್ಳುವನು.

ಇಷ್ಟು ಚಿಕ್ಕ ಸಂಖ್ಯೆಗಳಾದರೆ ಕಳ್ಳನು ಒಂದೊಂದಾಗಿ ಹಾಕಿ ನೋಡಿ 4 ಮತ್ತು 5ನ್ನು ಕಂಡುಹಿಡಿಯುವನು. ನಿಜವಾದ ಬಳಕೆಯಲ್ಲಿ 13ರ ಬದಲು 600ಕ್ಕೂ ಮೀರಿದ ಅಂಕೆಗಳುಳ್ಳ ಸಂಖ್ಯೆಗಳನ್ನು ಹಿಡಿಯುತ್ತಿದ್ದರು. ಈಚೆಗೆ ಅದೇ ಉಪಾಯವನ್ನು ಬೇರೊಂದು ಬಗೆಯ ವಕ್ರರೇಖೆಗಳ ಗಣಿತದಿಂದ ಇನ್ನೂ ಚಿಕ್ಕ ಸಂಖ್ಯೆಗಳಲ್ಲಿ ಸಾಧಿಸುತ್ತಾರೆ. ಮುಂದಕ್ಕೆ ಗುಣಿಸುವುದು ಸುಲಭ, ಹಿಂದಕ್ಕೆ ಬರುವುದು ಅಸಾಧ್ಯಪ್ರಾಯ ಎಂಬುದೇ ಇದರ ಜೀವಾಳ. ಮುಂದೆ ಕ್ವಾಂಟಂ ಯಂತ್ರಗಳು ಬಲಿತರೆ ಈ ಜೀವಾಳಕ್ಕೇ ಧಕ್ಕೆಯಾದೀತೆಂದು ಸಿಗ್ನಲ್ ಎಂಬ ಆ್ಯಪಿನವರು 2023ರಲ್ಲಿಯೇ ಇನ್ನೊಂದು ಕವಚವನ್ನು ಸೇರಿಸಿದ್ದಾರೆ. ಅದು ಈಗ ನಮಗೆ ಬೇಡ.

ಹುಡುಗನು ಇಲ್ಲಿ ಗಮನಿಸಬೇಕಾದ ಮುಖ್ಯ ಮಾತೇನೆಂದರೆ, ತಾಯಿಯ 4 ತಾಯಿಯ ಮೊಬೈಲಿನಲ್ಲಿಯೇ ಹುಟ್ಟಬೇಕು, ಅಲ್ಲಿಯೇ ಇರಬೇಕು. ಮಗಳ 5 ಮಗಳ ಮೊಬೈಲಿನಲ್ಲಿ. ಸರ್ವರಿಗೆ ಹೋಗತಕ್ಕದ್ದು 3 ಮತ್ತು 6 ಮಾತ್ರ. ಕೆಲಸವು ಸುಲಭವಾಗಲೆಂದು ಎಲ್ಲರ ಗುಟ್ಟಿನ ಸಂಖ್ಯೆಗಳನ್ನೂ ಸರ್ವರಿನಲ್ಲಿಯೇ ಹುಟ್ಟಿಸಿ ಇಟ್ಟುಕೊಂಡು, ‘ನಮ್ಮ ಆ್ಯಪಿನಲ್ಲಿ ಗೂಢಲಿಪಿಯುಂಟು’ ಎಂದು ಹಲಗೆ ಹಾಕಿಕೊಂಡವರಿದ್ದಾರೆ. ಅದು ಸುಳ್ಳಲ್ಲ, ಆದರೆ ಬೀಗ ಹಾಕಿ ಬೀಗದ ಕೈಯನ್ನು ಅಂಚೆಯವನ ಕೈಗೇ ಕೊಟ್ಟಂತೆ. ಟೆಲಿಗ್ರಾಂ ಎಂಬ ಪ್ರಸಿದ್ಧ ಆ್ಯಪಿನಲ್ಲಿ ಸಾಧಾರಣವಾದ ಸಂಭಾಷಣೆಗಳೆಲ್ಲ ಈ ಕ್ರಮದವೇ. ಅವು ಕಂಪನಿಯ ಕ್ಲೌಡಿನಲ್ಲಿರುತ್ತವೆ, ಬೀಗದ ಕೈಯೂ ಕಂಪನಿಯ ಬಳಿಯೇ. ಆದುದರಿಂದಲೇ ಅವನ್ನು ಯಾವ ಮೊಬೈಲಿನಲ್ಲಿ ತೆರೆದರೂ ಹಳೆಯದೆಲ್ಲ ಕ್ಷಣದಲ್ಲಿ ಬಂದು ನಿಲ್ಲುತ್ತದೆ. ಅದರಲ್ಲಿ ಗುಪ್ತ ಸಂಭಾಷಣೆಯೆಂದು ಪ್ರತ್ಯೇಕವಾಗಿ ಆರಿಸಿಕೊಂಡರೆ ಮಾತ್ರ ಬೀಗದ ಕೈ ಇಬ್ಬರಲ್ಲಿ ಉಳಿಯುತ್ತದೆ. ವಾಟ್ಸಾಪು 2016ರ ಏಪ್ರಿಲಿನಿಂದ ಎಲ್ಲ ಸಂದೇಶಗಳಿಗೂ ಇಬ್ಬರ ನಡುವಣ ಬೀಗವನ್ನೇ ಹಾಕುತ್ತಿದೆ. ಸಂದೇಶಕ್ಕೊಂದು ಹೊಸ ಬೀಗದ ಕೈ ಹುಟ್ಟುವುದರಿಂದ ಒಂದು ಕಳುವಾದರೂ ಹಿಂದಿನವು ಬಯಲಾಗುವುದಿಲ್ಲ. ಸಂಭಾಷಣೆಯ ಆರಂಭದಲ್ಲಿಯೇ ಕಾಣುವ ಬೀಗದ ಚಿಹ್ನೆಯ ಸೂಚನೆಯ ಅರ್ಥವಿದು.

ಆದರೂ ಒಂದು ಕಂಡಿ ಉಳಿಯಿತು. ದಾರಿಯಲ್ಲಿ ಕುಳಿತವನು ಕೇಳಿಸಿಕೊಂಡು ಸುಮ್ಮನಿರದೆ, ತಾಯಿಗೆ ತಾನೇ ಮಗಳೆಂದೂ ಮಗಳಿಗೆ ತಾನೇ ತಾಯಿಯೆಂದೂ ನಟಿಸಿ, ಇಬ್ಬರಿಗೂ ತನ್ನದೇ ಸಂಖ್ಯೆಯನ್ನು ಕೊಟ್ಟರೆ? ಆಗ ಬೀಗಗಳು ಎರಡಾಗುತ್ತವೆ, ನಡುವೆ ಕುಳಿತವನಲ್ಲಿ ಎರಡರ ಕೈಗಳೂ ಇರುತ್ತವೆ. ತಾಯಿಮಗಳಿಗೆ ಏನೂ ತಿಳಿಯದು. ಗಣಿತದಿಂದ ಇದಕ್ಕೆ ಪೂರ್ಣ ಪರಿಹಾರವಿಲ್ಲ, ಮುಖಪರಿಚಯದಿಂದ ಉಂಟು. ವಾಟ್ಸಾಪಿನಲ್ಲಿ ಸಂಭಾಷಣೆಗೊಂದರಂತೆ 60 ಅಂಕೆಗಳ ಸಂಖ್ಯೆಯೊಂದು ಕಾಣಸಿಗುತ್ತದೆ. ಅದು ಇಬ್ಬರ ಮೊಬೈಲಿನಲ್ಲಿಯೂ ಒಂದೇ ಆಗಿದ್ದರೆ ನಡುವೆ ಯಾರೂ ಇಲ್ಲ. ಗೌರಿಹಬ್ಬಕ್ಕೆ ಮಗಳು ತವರಿಗೆ ಬಂದಾಗ ಎರಡು ಮೊಬೈಲುಗಳನ್ನೂ ಅಕ್ಕಪಕ್ಕದಲ್ಲಿ ಹಿಡಿದು ನೋಡಿದರೆ ಎರಡು ನಿಮಿಷದ ಕೆಲಸ. ಹುಡುಗನು ತನ್ನ ಆ್ಯಪಿನಲ್ಲಿ ಈ ಸಂಖ್ಯೆಯನ್ನು ತೋರಿಸುವ ಪುಟವನ್ನು ಮರೆಯದೆ ಇಡಬೇಕು. ಅದು ಬದಲಾದರೆ ಗಟ್ಟಿಯಾಗಿ ಎಚ್ಚರಿಸಬೇಕು.

ಚಿತ್ರಗಳು, ಕಾಗದಪತ್ರಗಳು ಮುಂತಾದ ಭಾರದ ಸಾಮಾನಿಗೆ ಬೇರೊಂದು ಜಾಣತನವುಂಟು. ಪಹಣಿಯ ಚಿತ್ರಕ್ಕೆಂದೇ ಮೊಬೈಲು ಹೊಸ ಬೀಗದ ಕೈಯೊಂದನ್ನು ಹುಟ್ಟಿಸಿ, ಚಿತ್ರವನ್ನು ಅದರಿಂದ ಭದ್ರಮಾಡಿ, ಮುಚ್ಚಿದ ಪೆಟ್ಟಿಗೆಯನ್ನು ಕ್ಲೌಡಿನ ಉಗ್ರಾಣಕ್ಕೆ ಒಯ್ದು ಹಾಕುತ್ತದೆ. ಆ ಬೀಗದ ಕೈ, ಪೆಟ್ಟಿಗೆ ಇರುವ ಸ್ಥಳ, ಪೆಟ್ಟಿಗೆಯನ್ನು ಯಾರೂ ಕದಲಿಸಿಲ್ಲವೆಂದು ತಿಳಿಯುವ ಮುದ್ರೆ, ಇವು ಮೂರೂ ಸಣ್ಣ ಸಂದೇಶವೊಂದರಲ್ಲಿ ಮಗಳಿಗೆ ಹೋಗುತ್ತವೆ. ಉಗ್ರಾಣದವನ ಬಳಿ ಪೆಟ್ಟಿಗೆಯುಂಟು, ತೆರೆಯುವ ಸಾಧನವಿಲ್ಲ. ಕ್ಲೌಡನ್ನು ಹೀಗೆ ಬಳಸಿದರೆ ಅದರಿಂದ ಭಯವಿಲ್ಲ.

ಪ್ರಾರಂಭದವರು ಸಾಮಾನ್ಯವಾಗಿ ಗೂಗಲ್ಲಿನ ಫೈರ್‌ಬೇಸ್ ಎಂಬ ಉಗ್ರಾಣವನ್ನು ಬಾಡಿಗೆ ಹಿಡಿಯುತ್ತಾರೆ. ಸಣ್ಣ ಬಳಕೆಗೆ ಹಣವೂ ಬೇಕಿಲ್ಲ. ಅದರಲ್ಲಿ ಪರೀಕ್ಷೆಯ ಕಾಲಕ್ಕೆಂದು ಬಾಗಿಲನ್ನು ಎಲ್ಲರಿಗೂ ತೆರೆದಿಡುವ ಒಂದು ಕ್ರಮವಿದ್ದು, 30 ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡಾಗ ಆ್ಯಪು ನಿಂತುಹೋಗುತ್ತದೆ. ಗಾಬರಿಗೊಂಡ ಹುಡುಗನು ನಿಯಮವನ್ನು ಸರಿಯಾಗಿ ಬರೆಯುವ ಬದಲು ತಾರೀಖನ್ನು ಮುಂದಕ್ಕೆ ಹಾಕುತ್ತಾನೆ. ಗದ್ದೆಯ ತಡಮೆಯನ್ನು ಗೇರದೆ ಮನೆಗೆ ಬಂದವನಿಗೆ ದನವನ್ನು ಬೈಯುವ ಹಕ್ಕಿಲ್ಲ.

ಇಲ್ಲಿಗೆ ದಾರಿಯು ಭದ್ರವಾಯಿತು. ಆದರೆ ಗೃಹಸ್ಥರಿಗೆ ನಿಜವಾದ ಅಪಾಯವಿರುವುದು ದಾರಿಯಲ್ಲಲ್ಲ, ಹಳೆಯ ಪತ್ರಗಳ ಕಟ್ಟಿನಲ್ಲಿ. ಮೊಬೈಲು ತುಂಗೆಯ ನೀರಿಗೆ ಬಿತ್ತೆನ್ನಿ. ಬೀಗದ ಕೈ ಅದರಲ್ಲಿಯೇ ಇದ್ದುದರಿಂದ ಅದೂ ಮುಳುಗಿತು. ಅದರೊಡನೆ ಹತ್ತು ವರ್ಷಗಳ ಮಾತುಗಳೂ ಚಿತ್ರಗಳೂ ಹೋದವು. ತೀರಿಹೋದ ಹಿರಿಯರ ಧ್ವನಿಯೂ ಮೊಮ್ಮಗುವಿನ ಮೊದಲ ನಡೆಯೂ ಅದರಲ್ಲಿಯೇ ಇದ್ದವು. ಹೀಗಾಗಬಾರದೆಂದು ಆ್ಯಪುಗಳು ಹಳೆಯದೆಲ್ಲದರ ಒಂದು ಪ್ರತಿಯನ್ನು ರಾತ್ರಿಯ ಹೊತ್ತು ಕ್ಲೌಡಿಗೆ ಏರಿಸುತ್ತವೆ. ಇದೇ ಬ್ಯಾಕಪ್. ಆ ಪ್ರತಿಗೆ ಬೀಗವುಂಟೆ? ಬಹು ಕಾಲ ಇರಲಿಲ್ಲ. ದಾರಿಯಲ್ಲಿ ಯಾರೂ ಓದಲಾಗದಂತೆ ಭದ್ರವಾಗಿ ಬಂದ ಸಂದೇಶವು, ಮೊಬೈಲಿನಲ್ಲಿ ಬಿಚ್ಚಿಕೊಂಡು, ಇಬ್ಬರ ನಡುವಣ ಆ ಬೀಗವಿಲ್ಲದೆಯೇ ಗೂಗಲ್ಲಿನ ಇಲ್ಲವೆ ಆಪಲ್ಲಿನ ಉಗ್ರಾಣಕ್ಕೆ ಹೋಗಿ ಕೂರುತ್ತಿತ್ತು. ಮುಂಬಾಗಿಲಿಗೆ ಮೂರು ಅಗುಳಿ, ಹಿತ್ತಿಲ ಬಾಗಿಲಿಗೆ ಬರಿಯ ಚಿಲಕ. ವಾಟ್ಸಾಪು 2021ರ ಅಕ್ಟೋಬರಿನಲ್ಲಿ ಈ ಪ್ರತಿಗೂ ಬೀಗ ಹಾಕುವ ಅವಕಾಶವನ್ನು ಕೊಟ್ಟಿತು. ಆದರೆ ಅದು ಅವಕಾಶ ಮಾತ್ರ. ಕೇಳಿದವರಿಗೆ ಉಂಟು, ಕೇಳದವರಿಗೆ ಇಲ್ಲವೆಂಬ ಕ್ರಮದಿಂದ ಬಂದಿತು. ಮಗಳು ಬೀಗ ಹಾಕಿಕೊಂಡು ತಾಯಿಯು ಹಾಕದಿದ್ದರೆ, ಅದೇ ಸಂಭಾಷಣೆಯ ತಾಯಿಯ ಪ್ರತಿಯು ತೆರೆದೇ ಇರುತ್ತದೆಂಬುದನ್ನು ಗಮನಿಸಿ.

ಹೀಗೆ ಬೀಗ ಹಾಕುವಾಗ ಒಂದು ಗುಪ್ತಪದವನ್ನಾಗಲಿ, 64 ಗುರುತುಗಳ ಉದ್ದನೆಯ ಬೀಗದ ಕೈಯನ್ನಾಗಲಿ ಆರಿಸಿಕೊಳ್ಳಬಹುದು. ಮೊಬೈಲೂ ಹೋಗಿ ಗುಪ್ತಪದವೂ ಮರೆತುಹೋದರೆ ಕಂಪನಿಯವರಿಗೆ ಬರೆದುಕೊಂಡರೂ ಫಲವಿಲ್ಲ. ತೆರೆಯುವ ಸಾಧನವು ಅವರಲ್ಲಿಯೂ ಇಲ್ಲ. ಇದನ್ನು ಅನೇಕರು ದೋಷವೆಂದು ಭಾವಿಸುತ್ತಾರೆ. ಕಳೆದುಹೋದ ಬೀಗದ ಕೈಯನ್ನು ಕಂಪನಿಯವರು ಮತ್ತೊಮ್ಮೆ ಮಾಡಿಕೊಡಬಲ್ಲರಾದರೆ, ಅವರು ಬೇಕೆಂದಾಗಲೂ ಮಾಡಿಕೊಳ್ಳಬಲ್ಲರಷ್ಟೆ! ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು: ಪರರು ಕಾಯುವ ಸೌಕರ್ಯ, ಇಲ್ಲವೆ ತಾನೇ ಕಾಯುವ ಹೊಣೆ. ನಮ್ಮ ಅಭಿಪ್ರಾಯದಲ್ಲಿ, ಭೂಮಿಯ ಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಕಾಯಬಲ್ಲ ಮನೆತನಕ್ಕೆ ಒಂದು ಚೀಟಿಯನ್ನು ಕಾಯುವುದು ಕಷ್ಟವಲ್ಲ. ಗುಪ್ತಪದವನ್ನು ಶಾಯಿಯಿಂದ ಕಾಗದದ ಮೇಲೆ ಬರೆದು ಆ ಪೆಟ್ಟಿಗೆಯಲ್ಲಿಯೇ ಇಡಬಹುದು. ಮೊಬೈಲಿನಲ್ಲಿ ಬರೆದಿಡುವುದು ಮಾತ್ರ ಬಾವಿಯ ಹಗ್ಗವನ್ನು ಬಾವಿಯೊಳಗೇ ಇಟ್ಟಂತೆ.

ಬೀಗವು ಮಾಡಲಾರದ ಕೆಲಸಗಳೂ ಇವೆ. ಲಕೋಟೆಯೊಳಗಿನ ಕಾಗದವನ್ನು ಅಂಚೆಯವನು ಓದದಿದ್ದರೂ ಹೊರಗಿನ ವಿಳಾಸವನ್ನು ಓದಿಯೇ ಓದುವನು. ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಬರೆದರೆಂಬುದು ಸರ್ವರಿಗೆ ತಿಳಿಯದೆ ಸಂದೇಶವು ಮುಟ್ಟುವುದು ಕಠಿನ. ಅಡಿಕೆ ಬೆಳೆಗಾರರ ಗುಂಪುಗಳಲ್ಲಿ ನೂರಾರು ಜನರಿರುತ್ತಾರೆ. ಅಷ್ಟು ಜನರ ಕೈಯಲ್ಲಿರುವ ಗುಟ್ಟಿಗೆ ಯಾವ ಬೀಗ ಹಾಕಿ ಫಲವೇನು? ಇನ್ನು ಮದುವೆಯ ಕರೆಯೋಲೆಯೆಂದೋ ಬ್ಯಾಂಕಿನ ಸೂಚನೆಯೆಂದೋ ಹೆಸರಿಟ್ಟು ಆ್ಯಪನ್ನೇ ಕಳುಹಿಸಿ ಮೊಬೈಲಿನೊಳಗೆ ನುಗ್ಗುವ ಕಳ್ಳರು, ಪೋಲೀಸರ ವೇಷದಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು, ಇವರ ಮಾತೂ ಭದ್ರವಾದ ಬೀಗದೊಳಗೇ ಬರುತ್ತದೆ. ಬೀಗವು ದಾರಿಗಳ್ಳನನ್ನು ತಡೆಯುತ್ತದೆ, ಆಚೆಯ ತುದಿಯಲ್ಲಿ ಕುಳಿತ ಕಳ್ಳನನ್ನಲ್ಲ. ಹಣ ಹೋದೊಡನೆ 1930 ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದೆಂಬುದನ್ನು ಮನೆಯವರೆಲ್ಲರಿಗೂ ತಿಳಿಸಿರಬೇಕು.

ಇಂಥ ಬೀಗಗಳು ದುಷ್ಟರಿಗೂ ನೆರಳಾಗುವುದಿಲ್ಲವೆ ಎಂದು ಕೆಲವರು ಕೇಳುವರು. ಕೇಳತಕ್ಕ ಪ್ರಶ್ನೆಯೇ. 2024ರ ಮಾರ್ಚಿ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ನಡೆದ ಸ್ಫೋಟದ ಮೊಕದ್ದಮೆಯಲ್ಲಿ ಮುಖ್ಯ ಆಪಾದಿತರೆಂದು ಹಿಡಿಯಲ್ಪಟ್ಟವರು ತೀರ್ಥಹಳ್ಳಿಯವರೆಂದು ತಿಳಿದಾಗ ಆ ಊರಿನ ಸಜ್ಜನರಿಗಾದ ನೋವನ್ನು ಹೇಳಬೇಕಾಗಿಲ್ಲ. ಅವರಿಗೆ ಹಣವು ಟೆಲಿಗ್ರಾಂ ಮೂಲಕ ನಡೆಯುವ ವಿನಿಮಯದ ದಾರಿಯಿಂದ ದೊರೆಯಿತೆಂದು ರಾಷ್ಟ್ರೀಯ ತನಿಖಾ ಸಂಸ್ಥೆಯು ತನ್ನ ಆರೋಪಪಟ್ಟಿಯಲ್ಲಿ ಹೇಳಿದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಮಾಡಿದ ನಿಯಮಗಳು, ಆಜ್ಞೆಯಾದಾಗ ಸಂದೇಶವೊಂದನ್ನು ಮೊಟ್ಟಮೊದಲು ಹೊರಡಿಸಿದವರಾರೆಂದು ದೊಡ್ಡ ಕಂಪನಿಗಳು ತೋರಿಸಿಕೊಡಬೇಕೆಂದು ವಿಧಿಸಿದವು. ಹಾಗೆ ಮಾಡಬೇಕಾದರೆ ಬೀಗವನ್ನೇ ಮುರಿಯಬೇಕಾಗುತ್ತದೆಂದು ವಾಟ್ಸಾಪು ಅದೇ ವರ್ಷದ ಮೇ ತಿಂಗಳಲ್ಲಿ ದಿಲ್ಲಿಯ ಹೈಕೋರ್ಟಿಗೆ ಹೋಯಿತು. ಇನ್ನೊಂದು ಪಕ್ಷದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರಿನ ವಿಷಯವಾಗಿ ಹೂಡಿದ ವ್ಯಾಜ್ಯದಿಂದಲೇ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟರು. ಅವರು 2024ರಲ್ಲಿ ತೀರಿಕೊಂಡರು. ದುಷ್ಟನೊಬ್ಬನು ಕದ ಮುಚ್ಚಿಕೊಂಡನೆಂದು ಊರಿನ ಕದಗಳನ್ನೆಲ್ಲ ಕಿತ್ತರೆ ಮೊದಲು ಒಳನುಗ್ಗುವವರು ಪೋಲೀಸರಲ್ಲ, ಕಳ್ಳರು ಎಂಬುದು ನಮ್ಮ ಎಣಿಕೆ. ಭಿನ್ನಾಭಿಪ್ರಾಯವುಳ್ಳವರು ಇರಬಹುದು.

ನಮ್ಮ ಹುಡುಗನ ಆ್ಯಪು ಸಿದ್ಧವಾಯಿತೆನ್ನೋಣ. ಅದನ್ನು ಮನೆಯವರೆಲ್ಲ ಹಾಕಿಕೊಂಡು ‘ಊಟವಾಯಿತೇ’ ಎಂದು ಬರೆದು ನೋಡಿ ಸಂತೋಷಪಡಲಿ. ಪಾಲುಪಟ್ಟಿಯನ್ನೂ ಬ್ಯಾಂಕಿನ ಲೆಕ್ಕವನ್ನೂ ಅದರಲ್ಲಿ ಕಳುಹಿಸುವುದು ಬೇಡ. ಸಾವಿರಾರು ಪರಿಣತರು ತಿರುವಿ ನೋಡಿ ದೋಷ ಹುಡುಕಿದ ಆ್ಯಪುಗಳಲ್ಲಿಯೇ ಆಗಾಗ ಬಿರುಕು ಕಾಣಿಸಿಕೊಳ್ಳುವಾಗ, ಒಬ್ಬನೇ ಕಟ್ಟಿದುದರಲ್ಲಿ ಕಾಣಿಸದೆ ಇರುವುದೆ? ಆದರೂ ಅವನ ಶ್ರಮ ವ್ಯರ್ಥವಲ್ಲ. ಕಟ್ಟಿ ನೋಡಿದವನು ಮುಂದೆ ಯಾವ ಹೊಸ ಆ್ಯಪು ಬಂದರೂ ಜಾಹೀರಾತಿಗೆ ಮರುಳಾಗದೆ, ಬೀಗದ ಕೈ ಎಲ್ಲಿ ಹುಟ್ಟುತ್ತದೆ, ಬ್ಯಾಕಪ್ಪಿಗೆ ಬೀಗವುಂಟೆ ಎಂದು ಮೊದಲು ಕೇಳುವನು.

ಬ್ಯಾಕಪ್ಪಿನ ಬೀಗವನ್ನು ವಾಟ್ಸಾಪಿನಲ್ಲಿ ಹಾಕಬೇಕಾದರೆ ಸೆಟ್ಟಿಂಗ್ಸ್ ಎಂಬಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್, ಅದರ ಕೆಳಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಎಂಬುದನ್ನು ಒತ್ತತಕ್ಕದ್ದು. ಮೊದಲ ಸಲ ಹಳೆಯದೆಲ್ಲವೂ ಹೊಸದಾಗಿ ಏರಬೇಕಾದುದರಿಂದ ಹೊತ್ತು ಹಿಡಿಯುತ್ತದೆ. ವಿದ್ಯುತ್ತೂ ಸಿಗ್ನಲ್ಲೂ ನೆಟ್ಟಗಿರುವ ರಾತ್ರಿಯನ್ನು ನೋಡಿಕೊಂಡು, ಮೊಬೈಲನ್ನು ಚಾರ್ಜಿಗೆ ಹಾಕಿ, ಚೀಟಿಯನ್ನು ಮೊದಲು ಬರೆದಿಟ್ಟು ಆಮೇಲೆ ಆರಂಭಿಸಬೇಕು. ನಮ್ಮ ಕಡೆಯವರು ಇದನ್ನು ಆರಿದ್ರಾ ಮಳೆ ಹಿಡಿಯುವುದಕ್ಕೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.